ಪೂಲ್ ಎಷ್ಟು ಆಳ ಇರಬೇಕು?

4 ಅಡಿ.

ಉತ್ತರ ಇಷ್ಟೇ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು. ಫೋನಿನಲ್ಲಿ, ಲಿಫ್ಟಿನಲ್ಲಿ, ಊಟ ಮುಗಿಸಿ ಕೈ ತೊಳೆಯುವ ಜಾಗದಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಮನೆಯ ಹಿಂದಿನ ಜಾಗ ಡಿಸೈನ್ ಮಾಡುವುದು ನನ್ನ ಕೆಲಸ. ಪೂಲ್, ಅದರ ಸುತ್ತಲಿನ ಕಲ್ಲುಹಾಸು, ಕೂರುವ ಜಾಗ, ನೆರಳು, ಗಿಡ, ದೀಪ ಎಲ್ಲ ಸೇರಿ. ಇದು ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ: "ಪೂಲ್ ಎಷ್ಟು ಆಳ ಇಟ್ಟರೆ ಒಳ್ಳೇದು?" ಕೇಳುವುದು ತಪ್ಪಲ್ಲ. ಸಿಟ್ಟು ಬರುವುದು ಕೇಳುವ ರೀತಿಗೆ. ಕೇಳುವಾಗಲೇ ಅವರ ಮನಸ್ಸಿನಲ್ಲಿ 8 ಅಡಿ ಅಂತ ಕೂತಿರುತ್ತದೆ. ನಾನು 4 ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. "ಅಷ್ಟೇನಾ? ಅದೇನು ಪೂಲಾ, ನೀರಿನ ತೊಟ್ಟಿನಾ?" ಇಷ್ಟೆಲ್ಲ ಖರ್ಚು ಮಾಡಿ ನೀರು ಎದೆಮಟ್ಟ ಅಂದರೆ ಅವಮಾನ ಅನ್ನುವ ಹಾಗೆ.

ಈ ಆಳದ ಹುಚ್ಚು ಎಲ್ಲಿಂದ ಬಂತು ಅಂದರೆ, ಡೈವಿಂಗ್ ಹಲಗೆಯಿಂದ. ಹಿಂದೆ ಮನೆ ಪೂಲುಗಳಿಗೂ ಒಂದು ತುದಿಯಲ್ಲಿ ಹಲಗೆ ಹಾಕುತ್ತಿದ್ದರು. ಹಲಗೆಗಾಗಿ ಆಳ ಬಂತು. ಈಗ ಬಹಳ ಕಡೆ ಹಲಗೆ ಹೋಗಿದೆ, ಗುಂಡಿಯ ಆಸೆ ಮಾತ್ರ ಉಳಿದಿದೆ. "ಆದ್ರೂ ಮಕ್ಕಳು ಧುಮುಕ್ತಾರೆ ಅಲ್ವಾ?" ಧುಮುಕಲಿ, ಕಾಲು ಮುಂದೆ ಮಾಡಿ. ತಲೆ ಮುಂದೆ ಮಾಡಿ ಹಲಗೆಯಿಂದ ಹಾರುವುದು ಬೇರೆಯೇ ಲೆಕ್ಕ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬರೀ 1 ಮೀಟರ್ ಎತ್ತರದ ಹಲಗೆಯ ಕೆಳಗೇ ಕನಿಷ್ಠ 3.4 ಮೀಟರ್ ನೀರು ಬೇಕು. 11 ಅಡಿಗಿಂತ ಜಾಸ್ತಿ ಆಯಿತು. ಆ ಆಳ ಹಲಗೆಯ ಮುಂದಕ್ಕೂ ಹಲವು ಮೀಟರ್ ಹಾಗೇ ಹೋಗಬೇಕು. ಮನೆ ಪೂಲಿನಲ್ಲಿ 8 ಅಡಿ ಅನ್ನುವುದು ನಾಲ್ಕು ಹೆಜ್ಜೆಯಲ್ಲಿ ಮುಗಿದು, ತಳ ಮೇಲಕ್ಕೆ ಏರತೊಡಗುತ್ತದೆ. ಹಾರಿದವರ ತಲೆ ಬಡಿಯುವುದು ಆ ಏರಿಗೇ. ಪೆಟ್ಟು ಬೀಳುವುದು ಕುತ್ತಿಗೆಗೆ. 4 ಅಡಿ ನೀರಿಗೆ ಯಾರೂ ತಲೆ ಮುಂದೆ ಮಾಡಿ ಹಾರಕೂಡದು, ಅದನ್ನು ಗೋಡೆಯ ಮೇಲೆ ಬರೆಸಿ. 8 ಅಡಿಯ ತೊಂದರೆ ಏನು ಅಂದರೆ, ಹಾರಬಹುದು ಅನ್ನುವ ಸುಳ್ಳು ಧೈರ್ಯ ಕೊಡುತ್ತದೆ.

"ಈಜೋಕೆ ಆಳ ಬೇಕಲ್ವಾ?" ಬೇಡ. ಈಜುವವರಿಗೆ ಬೇಕಾಗಿರುವುದು ಉದ್ದ. ಕೈ ಬೀಸಲು, ಕಾಲು ಬಡಿಯಲು 4 ಅಡಿ ಧಾರಾಳ. ಸುಸ್ತಾದರೆ ಎದ್ದು ನಿಲ್ಲಬಹುದು. ಹೊಸದಾಗಿ ಕಲಿಯುವವರಿಗಂತೂ ಕಾಲಿಗೆ ನೆಲ ಸಿಗುವುದೇ ದೊಡ್ಡ ಧೈರ್ಯ.

ಲೆಕ್ಕವನ್ನೂ ಒಮ್ಮೆ ನೋಡಿ. 8 ಮೀಟರ್ ಉದ್ದ, 4 ಮೀಟರ್ ಅಗಲದ ಪೂಲು. ಆಳ ಎಲ್ಲ ಕಡೆ 1.2 ಮೀಟರ್ ಅಂದರೆ ಸುಮಾರು 38,000 ಲೀಟರ್. ಅದನ್ನೇ ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 2.4 ಮೀಟರ್ ಮಾಡಿದರೆ 54,000 ಲೀಟರ್ ದಾಟುತ್ತದೆ. ಆ ಹೆಚ್ಚಿನ 16,000 ಲೀಟರನ್ನು ದಿನವೂ ಪಂಪು ಎಳೆಯಬೇಕು, ಫಿಲ್ಟರ್ ಸೋಸಬೇಕು, ಅದಕ್ಕೂ ಕ್ಲೋರಿನ್ ಹಾಕಬೇಕು. ಯಾರೂ ಕಾಲಿಡದ ನೀರಿಗೆ ಇಷ್ಟು ಸೇವೆ.

ಇನ್ನೊಂದು ತಮಾಷೆ. ನೀರು ತುಂಬಿದ ದಿನ ಸಾಮಾನ್ಯವಾಗಿ ಒಂದು ಫೋನ್ ಬರುತ್ತದೆ. "ಮೇಸ್ತ್ರಿ ಮೋಸ ಮಾಡಿದಾನೆ. ನಾಲ್ಕು ಅಡಿ ಅಂದ್ರಿ, ಇಲ್ಲಿ ಮೂರೇ ಇದೆ." ಮೇಸ್ತ್ರಿ ಪಾಪ ಏನೂ ಮಾಡಿಲ್ಲ. ನೀರಿನಿಂದ ಹೊರಗೆ ಬರುವಾಗ ಬೆಳಕು ಬಾಗುತ್ತದೆ. ನೇರ ಮೇಲಿಂದ ನೋಡಿದರೂ ಆಳ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ನೋಡಿದರೆ ಇನ್ನೂ ಕಮ್ಮಿ. ಒಂದು ಕೋಲು ಇಳಿಸಿ ಅಳೆಯಿರಿ ಅನ್ನುತ್ತೇನೆ. ಅಳೆದ ಮೇಲೆ ಯಾರೂ ತಿರುಗಿ ಫೋನ್ ಮಾಡುವುದಿಲ್ಲ.

ಈಗ ಒಂದು ಮನೆಯ ವಿಷಯ ಹೇಳಲೇಬೇಕು. ನಾನು ಹೋಗುವಷ್ಟರಲ್ಲಿ ಯಜಮಾನರು ಹಿತ್ತಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿಸಿಟ್ಟಿದ್ದರು. ಕೈಯಲ್ಲಿ ಯಾವುದೋ ರೆಸಾರ್ಟಿನ ಫೋಟೋ. ಗೆರೆ ಈ ಗೋಡೆಯಿಂದ ಆ ಗೋಡೆಯವರೆಗೆ ಹೋಗಿತ್ತು. ಸುತ್ತ ಉಳಿದಿದ್ದು ಒಬ್ಬರು ಮೈ ಓರೆ ಮಾಡಿಕೊಂಡು ನಡೆಯುವಷ್ಟು ಜಾಗ.

"ಇಲ್ಲಿ ನನ್ನ ತಲೆ ಮೇಲೆ ನೀರು ನಿಲ್ಲಬೇಕು" ಅಂದರು, ಅಂಗೈಯನ್ನು ನೆತ್ತಿಯ ಮೇಲೆ ಹಿಡಿದು ತೋರಿಸುತ್ತಾ.

"ನೀವು ಈಜ್ತೀರಾ ಸರ್?"

"ನನಗೆ ಬರಲ್ಲ. ಆದ್ರೆ ಪೂಲ್ ಅಂದ ಮೇಲೆ ಡೆಪ್ತ್ ಇರಬೇಕಲ್ವಾ?"

"ಮನೇಲಿ ಬೇರೆ ಯಾರಿಗೆ ಬರುತ್ತೆ?"

"ಮಕ್ಕಳು ಕಲೀತಾರೆ ಬಿಡಿ."

ಈಜು ಬಾರದ ಮನುಷ್ಯ, ತಾನು ಮುಳುಗುವಷ್ಟು ಗುಂಡಿ ತೋಡಿಸಿಕೊಡಿ ಅಂತ ಕೇಳುತ್ತಿದ್ದರು. ಅದೂ ಬಹಳ ಮರ್ಯಾದೆಯಿಂದ. ಏನು ಹೇಳಲಿ ಅಂತ ಯೋಚಿಸುವಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಅವರ ತಾಯಿ ಬಾಯಿ ಹಾಕಿದರು.

"ಅದೆಲ್ಲ ಇರ್ಲಿ ಕಣೋ, ನಾನೆಲ್ಲಿ ಕೂರ್ಲಿ?"

"ನೀನು ಒಳಗೇ ಕೂತ್ಕೋ ಅಮ್ಮ, ಕಿಟಕಿಯಿಂದ ಎಲ್ಲ ಕಾಣ್ಸುತ್ತೆ."

ನನಗೆ ಮೇಜು ಗುದ್ದಬೇಕು ಅನ್ನಿಸಿತು. ಆ ಪ್ಲಾನಿನಲ್ಲಿ ಮೇಜು ಹಾಕುವಷ್ಟು ಜಾಗವೂ ಇರಲಿಲ್ಲ.

ನೋಡಿ, ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಎಲ್ಲಿ ಕೂರಲಿ? ಮನೆ ಪೂಲಿನಲ್ಲಿ ಜನ ನೀರೊಳಗೆ ಇರುವ ಹೊತ್ತು ಕಮ್ಮಿ. ನೀರಿನ ಪಕ್ಕ ಇರುವ ಹೊತ್ತು ಜಾಸ್ತಿ. ಬೆಳಗ್ಗೆ ಪೇಪರ್ ಓದುವವರು, ಮಕ್ಕಳನ್ನು ನೋಡಿಕೊಳ್ಳುವವರು, ಸಂಜೆ ಬಂದ ನೆಂಟರು, ಸುಮ್ನೆ ಕಾಲು ಇಳಿಬಿಟ್ಟು ಕೂರುವವರು. ಇವರಿಗೆಲ್ಲ ಜಾಗ ಕೊಟ್ಟು ಉಳಿದದ್ದು ಪೂಲ್ ಆಗಬೇಕು. ಎಲ್ಲರೂ ಮಾಡುವುದು ಇದರ ಉಲ್ಟಾ.

ಹಾಗಾಗಿ ನಾನು ಮೊದಲು ಗೆರೆ ಹಾಕುವುದು ನೆರಳಿಗೆ. ಹೊರಗೆ ಜಾಸ್ತಿ ಕೂರುವುದು ಸಂಜೆ. ಸಂಜೆಯ ಬಿಸಿಲು ಪಶ್ಚಿಮದಿಂದ ಅಡ್ಡಡ್ಡ ಬರುತ್ತದೆ. ತಲೆಯ ಮೇಲೆ ಚಪ್ಪರ ಹಾಕಿದರೆ ಮಧ್ಯಾಹ್ನಕ್ಕೆ ಆಯಿತು, ಸಂಜೆಗೆ ಅದು ಏನೂ ತಡೆಯುವುದಿಲ್ಲ. ಪಕ್ಕದಲ್ಲಿ ಪಟ್ಟಿ ಜಾಲರಿಯೋ ಒತ್ತಾದ ಗಿಡವೋ ಬೇಕು. ಅದರ ಮೇಲೆ, ಕುರ್ಚಿ ಪಶ್ಚಿಮಕ್ಕೆ ಮುಖ ಮಾಡಿದ್ದು ನಡುವೆ ನೀರಿದ್ದರೆ ಆ ಬೆಳಕು ನೀರಿಗೆ ಬಿದ್ದು ಸೀದಾ ಕಣ್ಣಿಗೆ ಚುಚ್ಚುತ್ತದೆ. ಪ್ಲಾನ್ ಕಾಗದದ ಮೇಲೆ ಉತ್ತರ ದಿಕ್ಕು ಗುರುತು ಹಾಕದೆ ಪೂಲ್ ಬಗ್ಗೆ ಮಾತಾಡುವವರ ಹತ್ತಿರ ನಾನು ಮಾತಾಡುವುದಿಲ್ಲ.

ಆಮೇಲೆ ಗಾಳಿ. ನೀರಿನ ಮೇಲೆ ಬಿದ್ದ ಎಲೆ, ಧೂಳು, ಹುಳ ಎಲ್ಲವನ್ನೂ ಗಾಳಿ ಒಂದೇ ಕಡೆಗೆ ದೂಡುತ್ತದೆ. ಮೇಲಿನ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಯನ್ನು ಆ ಕಡೆಯ ಗೋಡೆಯಲ್ಲೇ ಇಡಬೇಕು. ಹಾಗೆ ಇಟ್ಟರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಎದುರು ಕಡೆ ಇಟ್ಟರೆ ದಿನಾ ಬಲೆ ಹಿಡಿದು ನಿಲ್ಲುವವರು ನೀವೇ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಆದರೂ ಎಷ್ಟೋ ಕಡೆ ಪೈಪ್ ಹತ್ತಿರ ಆಗುತ್ತದೆ ಅಂತ ತಪ್ಪು ಗೋಡೆಗೆ ಕೂರಿಸಿರುತ್ತಾರೆ.

ಕಲ್ಲಿನ ಜಗಳ ಬೇರೆ. ಎಲ್ಲರಿಗೂ ಕಪ್ಪು ಗ್ರಾನೈಟ್ ಬೇಕು, ಅದೂ ಕನ್ನಡಿ ಹಾಗೆ ಪಾಲಿಶ್ ಆಗಿರಬೇಕು. ಬಿಸಿಲಿಗೆ ಕಾದ ಕಪ್ಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಒದ್ದೆ ಪಾಲಿಶ್ ಮೇಲೆ ನಡೆದೂ ನೋಡಿ. ತಿಳಿ ಬಣ್ಣದ, ಒರಟು ಮೈಯ ಕಲ್ಲು ಹಾಕಿಸಿ ಅಂದರೆ "ಲುಕ್ ಬರಲ್ಲ" ಅನ್ನುತ್ತಾರೆ. ಸೊಂಟಕ್ಕೆ ಪಟ್ಟಿ ಹಾಕಿಕೊಂಡು ಓಡಾಡುವುದಕ್ಕೂ ಲುಕ್ ಇರುವುದಿಲ್ಲ. ಕಲ್ಲುಹಾಸಿನ ಇಳಿಜಾರು ಪೂಲಿನಿಂದ ಹೊರಕ್ಕೆ ಇರಲಿ, ಮೀಟರಿಗೆ 1ರಿಂದ 2 ಸೆಂಟಿಮೀಟರ್ ಸಾಕು. ಒಳಕ್ಕೆ ಇದ್ದರೆ ನೆಲ ತೊಳೆದ ಕೊಳೆಯೆಲ್ಲ ಪೂಲಿಗೇ.

ಪಂಪ್ ಬಗ್ಗೆ ಒಂದೇ ಮಾತು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಪಂಪ್ ರೂಮ್ ಬೇಡ. ವೇಗ ಬದಲಿಸುವ ಪಂಪ್ ತೆಗೆದುಕೊಳ್ಳಿ. ವೇಗ ಅರ್ಧ ಮಾಡಿದರೆ ಅದು ಎಳೆಯುವ ವಿದ್ಯುತ್ ಹೆಚ್ಚುಕಮ್ಮಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರು ಅರ್ಧವೇ ಹರಿಯುವುದರಿಂದ ಎರಡು ಪಟ್ಟು ಹೊತ್ತು ಓಡಿಸಬೇಕು, ಆದರೂ ಲಾಭವೇ. ಸದ್ದು ಕಮ್ಮಿ, ಪಕ್ಕದಲ್ಲಿ ಕೂತವರು ಕೂಗಿ ಮಾತಾಡಬೇಕಾಗಿಲ್ಲ.

"ಮಾಡರ್ನ್ ಆಗಿರಲಿ" ಅನ್ನುವವರಿಗೂ ಒಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಡಾನೆಲ್ ಗಾರ್ಡನ್ ಅಂತ ಇದೆ. ಥಾಮಸ್ ಚರ್ಚ್ ಅನ್ನುವ ಉದ್ಯಾನ ವಿನ್ಯಾಸಕ 1948ರಲ್ಲಿ ಮಾಡಿದ್ದು. ಹಿತ್ತಲಿನ ಮಾಡರ್ನ್ ಪೂಲ್ ಅಂದರೆ ಇವತ್ತಿಗೂ ಅದರ ಹೆಸರು ಬರುತ್ತದೆ. ಅಲ್ಲಿನ ಪೂಲಿನ ಬಾಗು ಸುಮ್ನೆ ಬಂದಿದ್ದಲ್ಲ. ಕೆಳಗೆ ಕಾಣುವ ಜೌಗು ನೆಲದಲ್ಲಿ ಹರಿಯುವ ಕಾಲುವೆಗಳ ಬಾಗನ್ನೇ ಪೂಲಿಗೂ ತಂದಿದ್ದಾರೆ. ಮರದ ಡೆಕ್ ಹಾಕುವಾಗ ಅಲ್ಲಿದ್ದ ಓಕ್ ಮರಗಳನ್ನು ಕಡಿಯಲಿಲ್ಲ, ಡೆಕ್ಕಿಗೇ ತೂತು ಕೊರೆದು ಮರಗಳನ್ನು ಹಾಗೇ ಬಿಟ್ಟರು. ಆಮೇಲೆ ಬಂದವರು ಏನು ಮಾಡಿದರು? ಜೌಗು ಇಲ್ಲದ, ಮರವನ್ನೆಲ್ಲ ಬೋಳಿಸಿದ ಹಿತ್ತಲಿನಲ್ಲಿ ಆ ಆಕಾರ ಮಾತ್ರ ತೋಡಿದರು. ಈಗಿನ ಇನ್‌ಫಿನಿಟಿ ಪೂಲ್ ಕತೆಯೂ ಅದೇ. ನೀರು ಅಂಚು ದಾಟಿ ಆಕಾಶಕ್ಕೆ ಸೇರಿದ ಹಾಗೆ ಕಾಣಬೇಕಾದರೆ ಅಂಚಿನ ಆಚೆ ಇಳಿಜಾರೋ ಕಣಿವೆಯೋ ಇರಬೇಕು. ನಿಮ್ಮ ಅಂಚಿನ ಆಚೆ ಇರುವುದು ಪಕ್ಕದ ಮನೆಯ ಕಾಂಪೌಂಡ್. ಅದನ್ನು ಕಾಣಿಸುವುದಕ್ಕೆ ತುಂಬಿ ಹರಿದ ನೀರು ಹಿಡಿಯುವ ಬೇರೆ ತೊಟ್ಟಿ, ಬೇರೆ ಪಂಪು!

ಕೂರುವ ಜಾಗ ಮುಖ್ಯ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. "ನಾಲ್ಕು ಅಡಿ ಅಂದ್ರೆ ಮಕ್ಕಳಿಗೆ ಸೇಫ್ ಅಲ್ವಾ?" ಅಂತ ಕೇಳುತ್ತಾರಲ್ಲ, ಅಲ್ಲಿ ನಾನು ತಮಾಷೆ ಬಿಟ್ಟುಬಿಡುತ್ತೇನೆ. ಅಲ್ಲ. ಪುಟ್ಟ ಮಗು ಕೆಲವೇ ಇಂಚು ನೀರಿನಲ್ಲೂ ಮುಳುಗಬಹುದು. ಮುಳುಗುವವರು ಕೂಗಿಕೊಳ್ಳುತ್ತಾರೆ, ಕೈ ಬಡಿಯುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಬಹಳ ಸಲ ಸದ್ದೇ ಇರುವುದಿಲ್ಲ. ಹಾಗಾಗಿ ದೊಡ್ಡವರು ಕೂರುವ ಕುರ್ಚಿಯಿಂದ ಪೂಲಿನ ನಾಲ್ಕೂ ಮೂಲೆ, ತಳದ ಸಮೇತ, ಕಾಣಬೇಕು. ನೀರೊಳಗಿನ ದೀಪಗಳ ಮುಖ ಆ ಕುರ್ಚಿಯ ಕಡೆಗೆ ಇರಬಾರದು, ಇದ್ದರೆ ರಾತ್ರಿ ಬೆಳಕು ಕಣ್ಣು ಕುಕ್ಕಿ ನೀರೊಳಗೆ ಏನೂ ಗೊತ್ತಾಗುವುದಿಲ್ಲ. ಆ ತಾಯಿಯನ್ನು ಕಿಟಕಿಯ ಹಿಂದೆ ಕೂರಿಸುವ ಪ್ಲಾನ್ ನನಗೆ ಹಿಡಿಸದೇ ಇದ್ದದ್ದು ಇದಕ್ಕೂ ಹೌದು. ಕೊನೆಗೆ ಅಲ್ಲಿ ಪೂಲನ್ನು ಒಂದು ಪಕ್ಕಕ್ಕೆ ಸರಿಸಿ, ಸಣ್ಣದು ಮಾಡಿ, ಮನೆಯ ಕಡೆಗೆ ಅಗಲವಾದ ನೆರಳಿನ ಜಗಲಿ ಬಂತು. ಒಂದು ತುದಿಯಲ್ಲಿ 9 ಇಂಚು ನೀರಿನ ಕಟ್ಟೆ, ಕಾಲು ಚಾಚಿ ಕೂರುವುದಕ್ಕೆ. ಆಳ 4 ಅಡಿ. ಯಜಮಾನರು ಅರ್ಧ ಅಡಿಗಾದರೂ ಚೌಕಾಸಿ ಮಾಡಿ ನೋಡಿದರು.

ತಳದ ಡ್ರೈನ್ ಒಂದೇ ಇರಬಾರದು. ಒಂದೇ ಇದ್ದು ಅದರ ಮೇಲೆ ಯಾರದಾದರೂ ಮೈ ಕೂತರೆ ಪಂಪಿನ ಎಳೆತಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಕೂದಲು ಸಿಕ್ಕಿಕೊಂಡರೂ ಅಷ್ಟೇ. ಇಂಥ ಸಾವುಗಳಾದ ಮೇಲೆ ಅಮೆರಿಕದಲ್ಲಿ 2007ರಲ್ಲಿ ಡ್ರೈನ್ ಮುಚ್ಚಳಗಳಿಗಾಗಿ ಕಾನೂನೇ ಬಂತು. ಎರಡು ಡ್ರೈನ್ ದೂರ ದೂರ ಇಟ್ಟು, ಸರಿಯಾದ ಉಬ್ಬು ಮುಚ್ಚಳ ಹಾಕಿಸಿ.

ಕೊನೆಯದು ಬೇಲಿ. ಇದರಲ್ಲಿ ಆಸ್ಟ್ರೇಲಿಯಾದವರ ನಿಯಮ ನನಗೆ ಇಷ್ಟ. ಬೇಲಿ ಕನಿಷ್ಠ 1.2 ಮೀಟರ್ ಎತ್ತರ, ಸಂದು 10 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಗೇಟು ನೀರಿನ ಕಡೆಗೆ ತೆಗೆಯಬಾರದು, ಹೊರಕ್ಕೆ ತೆಗೆಯಬೇಕು, ಬಿಟ್ಟರೆ ತಾನೇ ಮುಚ್ಚಿ ಚಿಲಕ ಹಾಕಿಕೊಳ್ಳಬೇಕು. ಬೇಲಿಗೆ ಒತ್ತಿ ಕುರ್ಚಿ, ಹೂಕುಂಡ ಇಡಬೇಡಿ, ಮಗು ಅದನ್ನು ಹತ್ತಿಯೇ ಆಚೆ ಇಳಿಯುತ್ತದೆ. ಮೂರು ಕಡೆ ಬೇಲಿ, ನಾಲ್ಕನೇ ಕಡೆ ಮನೆ ಅನ್ನುವುದೂ ನಡೆಯುವುದಿಲ್ಲ, ಮಗು ಬರುವುದೇ ಮನೆಯಿಂದ. ಇದಕ್ಕೆ ಒಪ್ಪದವರ ಕೆಲಸ ನಾನು ಹಿಡಿಯುವುದಿಲ್ಲ. "ಬೇಲಿ ಇದ್ರೆ ಫೋಟೋ ಚೆನ್ನಾಗಿ ಬರಲ್ಲ" ಅಂತ ಇನ್ನೂ ಅನ್ನಿಸಿದರೆ ಗಾಜಿನ ಬೇಲಿ ಹಾಕಿಸಿ, ಫೋಟೋ ತೆಗೆಯುವ ದಿನ ಒರೆಸಿಕೊಳ್ಳಿ.