ಇಪ್ಪತ್ತೇ ಜನಾನಾ?

ಹೌದು, ಇಪ್ಪತ್ತೇ ಜನ. ಮುಂದಿನ ಪ್ರಶ್ನೆ?

ಮೈಕ್ರೋಫೈನಾನ್ಸ್ ಸಾಲ ಪಡೆದ ಹೆಂಗಸರ ಜೀವನಕಥೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ ಅಂದ ಕೂಡಲೇ ಎದುರಿನವರ ಮುಖದಲ್ಲಿ ಕನಿಕರ ಮೂಡುತ್ತದೆ. "ಇಪ್ಪತ್ತೇ ಜನಾನಾ? ಬರೀ ಕಥೆಯಿಂದ ಏನ್ ಗೊತ್ತಾಗುತ್ತೆ?" ಆ 'ಬರೀ' ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಅಂಕಿಅಂಶ ಬೇಡ ಅಂತ ನಾನೆಲ್ಲೂ ಹೇಳಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ, ಈ ಆರು ದೇಶಗಳಲ್ಲಿ ಇಂಥ ಸಾಲದ ಪರಿಣಾಮದ ಬಗ್ಗೆ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೇ ಪ್ರಕಟವಾದವು. ಸಾವಿರಾರು ಮನೆಗಳ ಲೆಕ್ಕ. ಸಿಕ್ಕ ಉತ್ತರ: ಅಲ್ಪಸ್ವಲ್ಪ ಅನುಕೂಲವಾಗಿದೆ, ಬದುಕೇನೂ ಬದಲಾಗಿಲ್ಲ. ಒಪ್ಪಿದೆ. ಆದರೆ ಒಬ್ಬಾಕೆ ಮೇಲೆದ್ದು ಇನ್ನೊಬ್ಬಾಕೆ ಮುಳುಗಿದರೂ ಸರಾಸರಿ 'ಅಲ್ಪಸ್ವಲ್ಪ'ವೇ ತಾನೆ?

ನನ್ನ ಇಪ್ಪತ್ತು ಜನರಲ್ಲಿ ಒಬ್ಬರ ಪ್ರಶ್ನಾವಳಿಯಲ್ಲಿ ಹೀಗಿತ್ತು: ಸಾಲದ ಉದ್ದೇಶ, ಹೊಲಿಗೆ ಯಂತ್ರ. ಕಂತು ಬಾಕಿ, ಇಲ್ಲ. ನಾನು ಸಾಲದ ಸುದ್ದಿಯನ್ನೇ ಎತ್ತದೆ, ಚಿಕ್ಕಂದಿನಿಂದ ಹೇಳಿ ಅಂದೆ. ಮೂರು ಸಂಜೆ ಮಾತಾಡಿದರು. ಹೊಲಿಗೆ ಯಂತ್ರ ಮೊದಲ ಸಂಜೆಯೇ ಬಂತು. ಮದುವೆಗೂ ಮುಂಚಿನದು! ಸಾಲ ಬಂದದ್ದು ಮೂರನೇ ಸಂಜೆ, ಎರಡೇ ವಾಕ್ಯದಲ್ಲಿ. "ನಮ್ಮನೆಯವರ ಆಸ್ಪತ್ರೆ ಸಾಲ ತೀರ್ಸಕ್ಕೆ ಗುಂಪಲ್ಲಿ ತಗೊಂಡೆ. ಆ ಕಂತು ಕಟ್ಟಕ್ಕೆ ಇನ್ನೊಂದು ಗುಂಪಿಗೆ ಸೇರ್ಕೊಂಡೆ." ಸಾಲ ಕೊಟ್ಟವರ ಪುಸ್ತಕದಲ್ಲಿ ಇವರು ಒಂದು ಕಂತೂ ತಪ್ಪಿಸದ ಗ್ರಾಹಕಿ. ಅದೂ ಸುಳ್ಳಲ್ಲ.

"ಅವರು ಕಥೆ ಕಟ್ಟಿ ಹೇಳಿದ್ರೆ?" ಅಂತಲೂ ಕೇಳುತ್ತಾರೆ. ಕಟ್ಟುತ್ತಾರೆ ಸ್ವಾಮಿ, ನೀವು ಕಟ್ಟುವುದಿಲ್ಲವೆ? ಫಾರಂ ತುಂಬುವಾಗ ಕಟ್ಟಿದವರೂ ಇವರೇ. ಗಂಡನ ಆಸ್ಪತ್ರೆಗೆ ಅಂದಿದ್ದರೆ ಸಾಲ ಸಿಗಲಿಕ್ಕಿಲ್ಲ ಅನ್ನುವ ಅಂದಾಜು ಅವರಿಗಿತ್ತು. ಯಾವ ಕಥೆ ಯಾರಿಗೆ ಹೇಳಿದರು ಅನ್ನುವುದೇ ನನ್ನ ಅರ್ಧ ಕೆಲಸ.

ಅವರು ಮಾತು ಎಲ್ಲಿ ನಿಲ್ಲಿಸಿದರು ಅಂತ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಎರಡನೇ ಗುಂಪಿನ ಸಂಗತಿ ಬಾಯಿಗೆ ಬಂದಿತ್ತಷ್ಟೆ, ಬಾಗಿಲಲ್ಲಿ ಯಾರೋ ಬಂದ ಸದ್ದಾಯಿತು. ಮೊದಲ ಗುಂಪಿನ ಮುಖ್ಯಸ್ಥೆ. ಒಬ್ಬರು ಕಂತು ತಪ್ಪಿಸಿದರೆ ಉಳಿದವರು ತುಂಬಿಕೊಡಬೇಕಾದ ಗುಂಪು ಅದು. ಇನ್ನೊಂದು ಸಾಲದ ಸುಳಿವು ಸಿಕ್ಕರೆ ಮುಗಿಯಿತು. ಇವರು ಮಾತು ಅರ್ಧಕ್ಕೇ ಬಿಟ್ಟು, ಬಟ್ಟೆ ಎಳೆದುಕೊಂಡು ಯಂತ್ರ ತುಳಿಯತೊಡಗಿದರು.

ರೆಕಾರ್ಡಿಂಗಿನಲ್ಲಿ ಮುಂದೆ ನಾಲ್ಕು ನಿಮಿಷ ಹೊಲಿಗೆ ಯಂತ್ರದ ಸದ್ದೇ ಇದೆ. ಅಳಿಸಿಲ್ಲ. ಬರಹಕ್ಕಿಳಿಸುವಾಗ ಅಲ್ಲಿ ಏನಂತ ಬರೆಯುವುದೋ, ಇನ್ನೂ ಹೊಳೆದಿಲ್ಲ.