ಅಂಧೇರಿಯ ಗುಡ್ಡಕ್ಕೆ ಆಯಸ್ಕಾಂತ ಹಿಡಿದವನು

ಊರಿಂದ ಮುಂಬೈಗೆ ಬರುವವರು ಒಂದು ಪಟ್ಟಿ ತಂದೇ ತರುತ್ತಾರೆ. ಗೇಟ್‌ವೇ, ಜುಹು, ಸಿದ್ಧಿವಿನಾಯಕ, ಟೈಮ್ ಇದ್ದರೆ ಎಲಿಫೆಂಟಾ. ಭೂವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿರುವ ಅಕ್ಕನ ಮಗ ಡಿಸೆಂಬರ್ ರಜೆಗೆ ಬಂದಾಗ ತಂದದ್ದು ಒಂದೇ ಹೆಸರು. ಗಿಲ್ಬರ್ಟ್ ಹಿಲ್.

ಅದು ನಮ್ಮ ಮನೆಯಿಂದ ರಿಕ್ಷಾದಲ್ಲಿ ಮಿನಿಮಮ್ ಚಾರ್ಜಿನ ದೂರ. ಅಂಧೇರಿ ಪಶ್ಚಿಮದಲ್ಲಿರುವ ನಮಗೆಲ್ಲ ಅದು ಗಾಂವ್‌ದೇವಿ ಗುಡಿಯ ಗುಡ್ಡ. ನವರಾತ್ರಿಯಲ್ಲಿ ಮೆಟ್ಟಿಲು ಹತ್ತಿ ಕೈಮುಗಿದು ಬರುತ್ತೇವೆ. ಕಲ್ಲನ್ನು ನೋಡಲೆಂದೇ ಯಾರಾದರೂ ಹೋಗುತ್ತಾರಾ?

"ಚಿಕ್ಕಮ್ಮ, ನೀವು ದೇವರನ್ನು ನೋಡಿ, ನಾನು ಗೋಡೆ ನೋಡ್ತೇನೆ" ಅಂದ. ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ನಮ್ಮ ಯಜಮಾನರು ವಿಜಯಪುರದ ಕಡೆಯವರು. ಬರುವುದಿಲ್ಲ ಅಂತಲೇ ಚಪ್ಪಲಿ ಹಾಕಿಕೊಂಡರು.

ಗಲ್ಲಿಯೊಳಗೆ ಹೋಗುವವರೆಗೂ ಗುಡ್ಡ ಕಾಣುವುದಿಲ್ಲ. ಮೊಬೈಲ್ ರಿಪೇರಿ ಅಂಗಡಿ, ಹಾಲಿನ ಡೇರಿ, ಒಣಹಾಕಿದ ಬಟ್ಟೆ, ಅದರ ಹಿಂದೆ ಬಿಲ್ಡಿಂಗು. ಎರಡು ಬಿಲ್ಡಿಂಗುಗಳ ನಡುವಿನ ಸಂದಿಯಲ್ಲಿ ತಟ್ಟನೆ ಕಪ್ಪು ಗೋಡೆ ಎದ್ದು ನಿಲ್ಲುತ್ತದೆ. 61 ಮೀಟರ್, ಅಂದರೆ ಸುಮಾರು 200 ಅಡಿ. ಬುಡದಿಂದ ತುದಿಯವರೆಗೆ ನೆಟ್ಟಗೆ ನಿಂತ ಕಂಬಗಳು, ಒಂದಕ್ಕೊಂದು ಅಂಟಿಕೊಂಡು. ಹುಡುಗ ಅಲ್ಲೇ ನಿಂತುಬಿಟ್ಟ. ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.

ಈ ಕಂಬಗಳನ್ನು ಯಾರೂ ಕಡೆದದ್ದಲ್ಲ. ಕೆರೆ ಬತ್ತಿದಾಗ ತಳದ ಕೆಸರು ಬಿರಿದು ಚೌಕ, ಆರು ಮೂಲೆಯ ತುಂಡುಗಳಾಗುತ್ತದಲ್ಲ, ಹೆಚ್ಚುಕಡಿಮೆ ಅದೇ ಕತೆ. ಅಲ್ಲಿ ನೀರು ಆರಿ ಕೆಸರು ಕುಗ್ಗುತ್ತದೆ. ಇಲ್ಲಿ ಲಾವಾ ತಣಿದು ಕುಗ್ಗುತ್ತದೆ. ಮೊದಲು ತಣಿದ ಮೈಯಲ್ಲಿ ಬಿರುಕು ಬಿಟ್ಟು, ತಂಪು ಒಳಗೆ ಇಳಿದಂತೆ ಬಿರುಕೂ ಇಳಿಯುತ್ತಾ ಹೋಗುತ್ತದೆ. ನಿಧಾನ ತಣಿದರೆ ಕಂಬ ದಪ್ಪ, ಬೇಗ ತಣಿದರೆ ಸಣ್ಣ. ಎಲ್ಲಕ್ಕೂ ಆರೇ ಮುಖ ಇರಬೇಕೆಂದಿಲ್ಲ. ಐದಿರಬಹುದು, ಏಳಿರಬಹುದು. ಬಿರುಕು ಯಾವಾಗಲೂ ತಣಿಯುವ ಮೈಗೆ ನೇರವಾಗಿ ಒಳಹೋಗುತ್ತದೆ. ಇಲ್ಲಿ ಕಂಬಗಳು ನೆಟ್ಟಗಿವೆ ಅಂದರೆ ಲಾವಾ ಮಟ್ಟಸವಾಗಿ ಹರಡಿ ತಣಿದಿತ್ತು ಅಂತ ಲೆಕ್ಕ.

ಜಗತ್ತಿನಲ್ಲಿ ಇಂಥ ಗುಡ್ಡ ಎರಡೋ ಮೂರೋ ಮಾತ್ರ ಇರುವುದು ಅಂತ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆ ಒಂದು ಫಾರ್ವರ್ಡ್ ಬರುತ್ತದೆ. ಸುಮ್ನೆ ಮಾತು. ಕಂಬದ ಕಲ್ಲು ಐರ್ಲೆಂಡಿನ ಕಡಲ ದಂಡೆಯಲ್ಲಿದೆ, ಅಮೆರಿಕದಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಉಡುಪಿಯ ಮಲ್ಪೆಯಿಂದ ಬೋಟಿನಲ್ಲಿ ಹೋದರೆ ಸಿಗುವ ಸೇಂಟ್ ಮೇರಿಸ್ ದ್ವೀಪದ ತುಂಬ ಅದೇ ಇರುವುದು. ಶಾಲೆಯ ಪಿಕ್ನಿಕ್ಕಿಗೆ ಹೋಗಿ ಆ ಕಂಬಗಳ ತಲೆಯ ಮೇಲೆ ಕೂತು ಬುತ್ತಿ ತಿಂದವಳು ನಾನು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ.

"ಹಾಗಾದ್ರೆ ಇದು ನಮ್ಮೂರ ಕಲ್ಲೇ ಅಲ್ವನಾ?" ಅಂತ ಕೇಳಿದೆ.

ಅವನು ನಕ್ಕ. "ಇದು ನಿಮ್ಮೂರಿದ್ದಲ್ಲ ಚಿಕ್ಕಮ್ಮ. ಚಿಕ್ಕಪ್ಪನ ಊರಿದ್ದು."

ಯಜಮಾನರ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಚಹಾದಂಗಡಿ ಎಲ್ಲಿದೆ ಅಂತ ಕತ್ತು ತಿರುಗಿಸುತ್ತಿದ್ದವರು ಗೋಡೆಯ ಹತ್ತಿರ ಹೋಗಿ ಕೈಯಿಟ್ಟರು. "ಹೌದಲ್ಲೋ ತಮ್ಮಾ! ನಮ್ಮ ಹೊಲದಾಗ ಇಂಥಾವ ಕಲ್ಲು ಆರಿಸಿ ಆರಿಸಿ ನಮ್ಮಪ್ಪನ ನಡಾ ಹೋತು."

ಹುಡುಗ ಚೀಲದಿಂದ ನೀರಿನ ಬಾಟಲಿ, ಸಣ್ಣ ಲೆನ್ಸು, ದಾರಕ್ಕೆ ಕಟ್ಟಿದ ಒಂದು ಆಯಸ್ಕಾಂತ ತೆಗೆದ. ಸುತ್ತಿಗೆಯನ್ನು ಬೇಕೆಂದೇ ತಂದಿರಲಿಲ್ಲ. ಬುಡದಲ್ಲಿ ಉದುರಿ ಬಿದ್ದಿದ್ದ ಒಂದು ಚೂರನ್ನು ಎತ್ತಿಕೊಂಡು ನೀರು ಹಾಕಿ ಉಜ್ಜಿದ. ಹೊರಗಿನ ಚರ್ಮ ಕಂದು, ತುಕ್ಕು ಹಿಡಿದ ಬಣ್ಣ. ಒಡೆದ ಕಡೆ ಕಡು ಬೂದು, ಒದ್ದೆಯಾದಾಗ ಪೂರ್ತಿ ಕಪ್ಪು. ಬರಿಗಣ್ಣಿಗೆ ಹರಳು ಅಂತ ಏನೂ ಕಾಣಲಿಲ್ಲ. ಲೆನ್ಸಿನಲ್ಲಿ ನೋಡಿದರೆ ಮಾತ್ರ ಅಲ್ಲಲ್ಲಿ ಸೂಜಿಮೊನೆಯಷ್ಟು ಹೊಳಪು. ಆಮೇಲೆ ದಾರವನ್ನು ಬೆರಳಿಗೆ ಸುತ್ತಿ ಆಯಸ್ಕಾಂತವನ್ನು ಕಲ್ಲಿನ ಪಕ್ಕಕ್ಕೆ ತಂದ. ನೆಟ್ಟಗೆ ತೂಗುತ್ತಿದ್ದದ್ದು ಒಂದು ಕೂದಲೆಳೆಯಷ್ಟು ಕಲ್ಲಿನ ಕಡೆ ವಾಲಿತು. ಗಲ್ಲಿಯ ಮಕ್ಕಳು ಅಷ್ಟು ಹೊತ್ತಿಗೆ ಸುತ್ತ ನೆರೆದಿದ್ದರು. ಎಲ್ಲರಿಗೂ ಒಂದೊಂದು ಸಲ ಮಾಡಿ ನೋಡಬೇಕು. ಒಬ್ಬಳಂತೂ ತನ್ನ ಮನೆಯ ಫ್ರಿಜ್ಜಿನಿಂದ ಟೊಮೆಟೊ ಆಕಾರದ ಆಯಸ್ಕಾಂತ ಕಿತ್ತು ತಂದಳು. ಅದು ವಾಲಲಿಲ್ಲ. ಹುಡುಗಿಗೆ ಬೇಜಾರಾಯಿತು.

ಲಾವಾ ತಣಿದು ಆದ ಈ ಕಪ್ಪು ಕಲ್ಲಿನ ಹೆಸರು ಬಸಾಲ್ಟು. ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇರುತ್ತದೆ. ಅದಕ್ಕೇ ಈ ಸೆಳೆತ. ದಖ್ಖನ್ನಿನ ಕಪ್ಪು ಕಲ್ಲೆಂದರೆ ಬಹುಪಾಲು ಇದೇ. ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಇಡೀ ಮಹಾರಾಷ್ಟ್ರದ ಬಹುಭಾಗ ಮುಗಿಸಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನವರೆಗೂ ಬಂದಿದೆ. ಗೋಳಗುಮ್ಮಟ ಕಟ್ಟಿದ್ದು ಅದರಲ್ಲಿ. ಎರೆಮಣ್ಣು ಆದದ್ದು ಅದು ಕರಗಿ. ಮಲ್ಪೆಯ ದ್ವೀಪದ್ದು ಬೇರೆ ಜಾತಿ, ಸಿಲಿಕಾ ಜಾಸ್ತಿ ಇರುವ ಲಾವಾ. ಎರಡೂ ಕಂಬಗಳಾಗಿ ಒಡೆದದ್ದು ತಣಿಯುವ ರೀತಿಯಿಂದ, ನೆಂಟಸ್ತಿಕೆಯಿಂದಲ್ಲ.

ವಯಸ್ಸೂ ಬೇರೆ. ಇಲ್ಲಿ ಹುಡುಗ ಹೇಳಿದ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಕಾಂಚನ್ ಪಾಂಡೆ, ಹೇತು ಶೇಠ್, ರಜನೀಶ್ ಭೂತಾನಿ ಅಂತ ಮೂವರು ಸಂಶೋಧಕರು 2001ರಲ್ಲಿ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ವಯಸ್ಸು ಪ್ರಕಟಿಸಿದರು. 8 ಕೋಟಿ 56 ಲಕ್ಷ ವರ್ಷ, ಅದರಲ್ಲಿ 9 ಲಕ್ಷ ವರ್ಷ ಆಚೀಚೆ ಆಗಬಹುದು. ಅದೇ ವರ್ಷ ಅದೇ ಮೂವರು ಮುಂಬೈಯ ಮನೋರಿ ಮತ್ತು ಸಾಕಿನಾಕಾದ ಟ್ರಾಕೈಟ್ ಅನ್ನುವ ಇನ್ನೊಂದು ಬಗೆಯ ಲಾವಾ ಕಲ್ಲಿನ ವಯಸ್ಸನ್ನೂ ಹೇಳಿದರು. ಅವು 6 ಕೋಟಿಯಿಂದ 6 ಕೋಟಿ 20 ಲಕ್ಷದ ಆಸುಪಾಸಿನವು. ಪಾಂಡೆ, ಶೇಠ್ ಇಬ್ಬರೂ ಪವಯಿಯ ಐಐಟಿಯಲ್ಲಿ ಪಾಠ ಮಾಡಿದವರು. ನಾನು ಬುತ್ತಿ ಬಿಚ್ಚಿದ ಕಲ್ಲಿಗೂ, ಈಗ ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಸಾಕಿನಾಕಾದ ಅಡಿಯ ಕಲ್ಲಿಗೂ ಜಾತಕ ಬರೆದದ್ದು ಒಂದೇ ತಂಡ!

ವಯಸ್ಸು ಹೇಗೆ ಗೊತ್ತಾಗುತ್ತದೆ ಅಂತ ಯಜಮಾನರು ಕೇಳಿದರು. ಕೇಳಬೇಕಾದದ್ದೇ. ಕಲ್ಲಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ತೀರಾ ಸಣ್ಣದೊಂದು ಪಾಲು ವಿಕಿರಣ ಗುಣದ್ದು, ನಿಧಾನವಾಗಿ ಬದಲಾಗುತ್ತಾ ಬಹುಪಾಲು ಕ್ಯಾಲ್ಸಿಯಂ, ಸ್ವಲ್ಪ ಆರ್ಗಾನ್ ಅನಿಲವಾಗುತ್ತದೆ. ಅರ್ಧದಷ್ಟು ಹೀಗೆ ಬದಲಾಗಲು 125 ಕೋಟಿ ವರ್ಷ ಬೇಕು. ಲಾವಾ ಕುದಿಯುವಾಗ ಒಳಗಿದ್ದ ಅನಿಲವೆಲ್ಲ ಹೊರಗೆ ಹೋಗಿರುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್ ಹೊರಹೋಗಲಾರದೆ ಹರಳಿನೊಳಗೇ ಉಳಿಯುತ್ತದೆ. ಕಲ್ಲಿನ ಚೂರನ್ನು ಅಣು ರಿಯಾಕ್ಟರಿನಲ್ಲಿಟ್ಟು, ಆಮೇಲೆ ಹಂತ ಹಂತವಾಗಿ ಕಾಯಿಸಿ, ಬಿಡುವ ಅನಿಲವನ್ನು ಅಳೆದರೆ ಲೆಕ್ಕ ಸಿಗುತ್ತದೆ. "ಅಂದ್ರ ಬಡ್ಡಿ ನೋಡಿ ಸಾಲ ಯಾವಾಗ ಮಾಡಿದ್ದು ಅಂತ ಹೇಳಿದಂಗ" ಅಂದರು ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಜಮಾನರು. ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಗಿಲ್ಬರ್ಟ್ ಹಿಲ್ಲಿನ ಬಗ್ಗೆ ಎಲ್ಲಿ ಓದಿದರೂ ಆರೂವರೆ ಕೋಟಿ ವರ್ಷ ಅಂತ ಇರುತ್ತದೆ. ಅದು ಸಹ್ಯಾದ್ರಿಯನ್ನು ಕಟ್ಟಿದ ಮುಖ್ಯ ಲಾವಾದ ಕಾಲ, ಡೈನೋಸಾರುಗಳು ಅಳಿದ ಕಾಲ. ಮುಂಬೈಯ ಹಲವು ಕಲ್ಲುಗಳು ಅದಕ್ಕಿಂತ ಚಿಕ್ಕವು, ಆ ದೊಡ್ಡ ಆರ್ಭಟ ಮುಗಿದ ಮೇಲಿನವು. ಆ ಹೊತ್ತಿಗೆ ಭಾರತದ ಪಶ್ಚಿಮ ಅಂಚಿನಿಂದ ಸೆಶೆಲ್ಸ್ ಬೇರೆಯಾಗುತ್ತಿತ್ತು. ಮಲ್ಪೆಯ ಲಾವಾ ಬಂದಾಗ ಬೇರೆಯಾದದ್ದು ಮಡಗಾಸ್ಕರ್. ಮುಂಬೈಗೊಂದು ಪಾಲು, ಉಡುಪಿಗೊಂದು ಪಾಲು.

ಮೆಟ್ಟಿಲು ಹತ್ತಿದೆವು. ಅವನ್ನು ಬಂಡೆಯಲ್ಲೇ ಕಡೆದಿದ್ದಾರೆ. ಮೇಲೆ ಗುಡಿ, ಒಂದಿಷ್ಟು ಗಿಡಮರ, ಬೇಲಿಯ ಆಚೆ ಅಂಧೇರಿಯ ಮಹಡಿಗಳು. ಗುಡಿಯಲ್ಲಿ ಒಬ್ಬ ಅಜ್ಜಿ ಹೂ ಕಟ್ಟುತ್ತಿದ್ದರು. ಮೊದಲು ಸುತ್ತ ಇಂಥದೇ ಗುಡ್ಡ ಇನ್ನೂ ಇತ್ತು, ಎಲ್ಲ ಒಡೆದು ಸಾಗಿಸಿದರು ಅಂತ ಮರಾಠಿಯಲ್ಲಿ ಹೇಳಿದರು. ಇದನ್ನು ಯಾಕೆ ಬಿಟ್ಟರು ಅಂತ ಕೇಳಿದರೆ, ಇದೇನು ಕೇಳುವ ಮಾತಾ ಅನ್ನುವ ಹಾಗೆ ಗರ್ಭಗುಡಿಯ ಕಡೆ ಕೈ ತೋರಿಸಿದರು.

ಕಾಗದದ ಮೇಲೆ ರಕ್ಷಣೆ 1952ರಿಂದಲೇ ಇತ್ತು. ಆದರೂ ಭೂವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ, 2007ರಲ್ಲಿ, ಪಾಲಿಕೆ ಇದನ್ನು ಗ್ರೇಡ್ 2 ಪಾರಂಪರಿಕ ತಾಣ ಮಾಡಿ ಸುತ್ತ ಕಲ್ಲು ಒಡೆಯುವುದನ್ನು ನಿಷೇಧಿಸಿತು. ನಡುವಿನ ಐವತ್ತೈದು ವರ್ಷ ಇದನ್ನು ಕಾದದ್ದು ಅಜ್ಜಿ ಕೈ ತೋರಿಸಿದ ದೇವಿಯೇ ಅಂತ ನನಗೂ ಅನಿಸುತ್ತದೆ. ಹುಡುಗ ಒಪ್ಪಲಿಲ್ಲ. ದೇವಿ ಕಾದದ್ದು ತುದಿಯನ್ನು ಮಾತ್ರ, ಬುಡವನ್ನಲ್ಲ ಅಂದ. ಬುಡ ಕೊರೆದು ಬಿಲ್ಡಿಂಗು ಬಂದು, ಕಂಬಗಳ ಸಂದಿಯಲ್ಲಿ ಮಳೆನೀರು ಇಳಿದು ಚೂರು ಉದುರುವುದನ್ನು ಅವನು ಆಗಷ್ಟೇ ನೋಡಿದ್ದ. ನಮ್ಮ ವಾದ ಇನ್ನೂ ಮುಗಿದಿಲ್ಲ.

ಮುಂಬೈ ತನ್ನ ಕಲ್ಲನ್ನು ತಾನೇ ತಿಂದ ಊರು. ಮಲಾಡಿನ ಹಳದಿ ಟ್ರಾಕೈಟ್, ಕುರ್ಲಾದ ಬೂದು ಬಸಾಲ್ಟು ಎರಡೂ ಫೋರ್ಟಿನ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದ ಗೋಡೆಗಳಲ್ಲಿವೆ. ವರ್ಲಿಯಲ್ಲಿ ಲಾವಾ ಪದರಗಳ ನಡುವೆ ಕಪ್ಪೆಯ ಪಳೆಯುಳಿಕೆ ಸಿಕ್ಕಿತ್ತು, 1847ರಲ್ಲಿ ಲಂಡನ್ನಿನ ರಿಚರ್ಡ್ ಓವನ್ ಅದರ ಬಗ್ಗೆ ಬರೆದರು. ಪುಟ್ಟ ಕಪ್ಪೆಗಳು. ಒಂದು ಲಾವಾ ಬಂದು ಹೋಗಿ ಮುಂದಿನದು ಬರುವುದರೊಳಗೆ ಇಲ್ಲಿ ಸಿಹಿನೀರಿನ ಕೆರೆಗಳಿದ್ದವು ಅಂತ ಅವುಗಳಿಂದಲೇ ಗೊತ್ತಾಗುವುದು. ಇವತ್ತಿನ ವರ್ಲಿಯಲ್ಲಿ ಕಪ್ಪೆಗೆ ಬಾಡಿಗೆ ಕಟ್ಟಲಿಕ್ಕೂ ಆಗುವುದಿಲ್ಲ ಬಿಡಿ.

ಯಜಮಾನರ ಕಿವಿ ನೆಟ್ಟಗಾದದ್ದು ಈ 'ನಡುವೆ' ಅನ್ನುವ ಮಾತಿಗೆ. "ನಡುವ ಏನಿರ್ತೈತಿ ತಮ್ಮಾ?" ಅಂತ ಹಿಡಿದುಕೊಂಡರು. ಇಳಿಯುವಾಗ ಮೆಟ್ಟಿಲ ಮೇಲೇ ಪಾಠ ಶುರುವಾಯಿತು.

ದಖ್ಖನ್ ಅಂದರೆ ಒಂದೇ ಬಂಡೆಯಲ್ಲ, ಪದರದ ಮೇಲೆ ಪದರ. ಪ್ರತಿ ಪದರದ ಹೊಟ್ಟೆ ಗಟ್ಟಿ, ಬಿರುಕಿದ್ದರೆ ಮಾತ್ರ ನೀರು. ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳಾದ ತೂತುಗಳಿರುತ್ತವೆ. ಎಷ್ಟೋ ಕಡೆ ಆ ತೂತುಗಳಲ್ಲಿ ಜಿಯೋಲೈಟ್ ಅನ್ನುವ ಬಿಳಿ ಖನಿಜ ತುಂಬಿಕೊಂಡಿರುತ್ತದೆ. ಆ ಭಾಗ ಶಿಥಿಲವಾಗಿದ್ದರೆ ನೀರು ನಿಲ್ಲುತ್ತದೆ. ಕೆಲವು ಕಡೆ ಎರಡು ಪದರಗಳ ನಡುವೆ ಕೆಂಪು ಜೇಡಿಯಂಥ ಪದರ ಇರುತ್ತದೆ. ಅದು ನೀರನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಅದರ ಮೇಲೆ ನೀರು ಸಿಗುವ ಸಂಭವ ಇದೆ. ಒಂದು ಹೊಲದಲ್ಲಿ ನೀರು ಬಂದು ಪಕ್ಕದ ಹೊಲದಲ್ಲಿ ಬರೀ ಧೂಳು ಬರುವುದು ಹೀಗೆ. ಬೋರು ಎಷ್ಟು ಆಳ ಹೋಯಿತು ಅನ್ನುವುದಕ್ಕಿಂತ ಎಷ್ಟನೇ ಅಡಿಯಲ್ಲಿ ಯಾವ ಪುಡಿ ಹೊರಬಂತು ಅನ್ನುವುದನ್ನು ಬರೆದಿಡಬೇಕು. ಅದನ್ನು ನಮ್ಮಲ್ಲಿ ಯಾರೂ ಬರೆದಿಡುವುದಿಲ್ಲ.

ಕೆಳಗೆ ಚಹಾ ಕುಡಿಯುತ್ತಲೇ ಯಜಮಾನರು ಊರಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ಅರ್ಧ ಗಲ್ಲಿಗೆ ಕೇಳಿಸಿತು.

"ಅಣ್ಣಾ, ಹೋದ ವರ್ಷ ಬೋರ್ ಹೊಡಸಿದ್ಯಲ್ಲ, ಕೆಂಪು ಮಣ್ಣು ಬಂದಿತ್ತೇನು?"

"ಬಂದಿತ್ತಲ್ಲ. ಮೂಲಂಗಿ ಹೊಲದ ಕಡೀದಕ್ಕ. ಯಾಕ?"

"ಎಷ್ಟು ಫೂಟಿನಾಗ?"

"ಅದೇನ್ ಲೆಕ್ಕಾ ಇಟ್ಟಾರ ಯಾರು? ಕುಸೀತೈತಿ ಅಂತ ಬೋರಿನವ ಅಲ್ಲೀತನಾ ಕೇಸಿಂಗ್ ಇಳಿಸಿ ಮುಂದ ಹೊಡದ. ಮುಂದ ಬರೀ ಹುಡಿ."

ಹುಡುಗ ಗ್ಲಾಸು ಕೆಳಗಿಟ್ಟ. ಕೇಸಿಂಗ್ ಪೈಪಿಗೆ ಆ ಮಟ್ಟದಲ್ಲಿ ತೂತು ಇದೆಯಾ, ಪಕ್ಕದ ಹಳೇ ಬಾವಿಯ ಗೋಡೆಯಲ್ಲಿ ಅದೇ ಕೆಂಪು ಪದರ ಕಾಣುತ್ತದಾ, ಬೇಸಿಗೆಯಲ್ಲಿ ಬಾವಿಯ ನೀರು ಅದರ ಮೇಲೆ ನಿಲ್ಲುತ್ತದೋ ಕೆಳಗೋ ಅಂತ ಸಾಲಾಗಿ ಕೇಳತೊಡಗಿದ. ಭಾವನವರಿಗೆ ಅರ್ಧ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಬಾವಿಯ ಫೋಟೋ ತೆಗೆದು ಕಳಿಸುತ್ತೇನೆ ಅಂದರು. ಹುಡುಗ ಮರುದಿನ ಮಾರ್ವೆಯಿಂದ ದೋಣಿ ಹತ್ತಿ ಮನೋರಿಗೆ ಹೋಗುವವನಿದ್ದ, ಟ್ರಾಕೈಟ್ ನೋಡಲು. ಅದು ಹಾಗೇ ಇರಲಿ, ವಾಪಸ್ ಹೋಗುವಾಗ ವಿಜಯಪುರದ ಮೇಲೆ ಹೋಗು, ಟಿಕೆಟ್ ನಾ ತೆಗಸ್ತೀನಿ ಅಂತ ಯಜಮಾನರು ಹಟ ಹಿಡಿದರು. ಮಂಗಳೂರಿಗೆ ಅದು ಎಂಥ ಸುತ್ತು ದಾರಿ ಅಂತ ನಾನು ಹೇಳುವಷ್ಟರಲ್ಲಿ ಇಬ್ಬರೂ ಮೊಬೈಲಿನಲ್ಲಿ ರೈಲು ಹುಡುಕುತ್ತಿದ್ದರು.