ಹೆಬ್ಬೆರಳಿಗೆ ಸಿಕ್ಕ ಮೆದು ಜಾಗ

ಗೆಳೆಯರೊಬ್ಬರು ಗೋವಾದಿಂದ ಕೊಪ್ಪಳಕ್ಕೆ ತಂದಿರಿಸಿರುವ ಹಳೆಯ ವಿಂಡ್‌ಸರ್ಫಿಂಗ್ ಬೋರ್ಡನ್ನು (ಬಟ್ಟೆಯ ಪಟ ಕಟ್ಟಿ, ಮೇಲೆ ನಿಂತು, ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಹಲಗೆ) ಕೊಳ್ಳುವ ಆಸೆಯಿಂದ ಇಂದು ಬೆಳಿಗ್ಗೆ ನೋಡಲು ಹೋಗಿದ್ದೆ.

ಬಣ್ಣವೇನೋ ಮಿರಿಮಿರಿ ಮಿಂಚುತ್ತಿತ್ತು. ಆದರೆ ಮೇಲ್ಮೈಯುದ್ದಕ್ಕೂ ಹೆಬ್ಬೆರಳನ್ನು ಒತ್ತುತ್ತ ಬಂದಾಗ, ಪಾದ ಊರುವ ಜಾಗದಲ್ಲಿ ಅಂಗೈಯಗಲದಷ್ಟು ಭಾಗ ಮಾಗಿದ ಪಪ್ಪಾಯಿಯಂತೆ ಒಳಕ್ಕೆ ತಗ್ಗಿತು. ಮೇಲಿನ ಪದರ ಒಳಗಿನ ಫೋಮಿನಿಂದ ಬಿಟ್ಟುಕೊಂಡಿರುವುದರ ಗುರುತು ಅದು. ಗೀರುಗಳಿದ್ದರೆ ಚೌಕಾಸಿ ಮಾಡಬಹುದಿತ್ತು, ಇದಕ್ಕೆ ಮಾಡುವಂತಿಲ್ಲ.

ಅಲ್ಲದೆ ಅದರ ಗಾತ್ರ 95 ಲೀಟರು, ಅಂದರೆ ತನ್ನ ತೂಕವೂ ಸೇರಿ ಸುಮಾರು 95 ಕಿಲೋ ಭಾರವನ್ನಷ್ಟೇ ನೀರಿನ ಮೇಲೆ ತೇಲಿಸಬಲ್ಲದು. ನನ್ನ 70 ಕಿಲೋ ದೇಹದ ಜೊತೆಗೆ ಪಟ, ಕಂಬ, ಬೋರ್ಡಿನ ತೂಕವೂ ಸೇರಿದರೆ ಅದು ತೇಲುವುದೇ ಕಷ್ಟ. ಇನ್ನೂ ಪಟವೆತ್ತಲು ಕಲಿಯುತ್ತಿರುವವನಿಗೆ 170 ಲೀಟರಾದರೂ ಬೇಕು.

ಬೆಲೆ ಅರ್ಧಕ್ಕಿಳಿದರೂ ನಾನು ಒಪ್ಪಲಿಲ್ಲ. ಅವರು ಕೊಡಿಸಿದ ಮಂಡಕ್ಕಿ ಒಗ್ಗರಣೆ, ಮಿರ್ಚಿಯನ್ನು ಮಾತ್ರ ಬಿಡದೆ ತಿಂದು, ಬರಿಗೈಯಲ್ಲಿ ಮರಳಿದೆ.